ತಂಬ್ಳಿ ಬಿಟ್ಟು ಬಾಟ್ಲಿ ಹಿಡಿದವ್ಕೆ ಎರಡು ಮಾತು

ಹಪ್ಪಳ, ಸಂಡಿಗೆ ವಿಷಯ ಬರೆದಾಗ ಎಲ್ಲರೂ ‘ಚೊಲೊ ಇದ್ದು’ ಹೇಳ್ತ್ರಿ. ಈ ಸಲ ಹಾಂಗೆ ಹೇಳ್ತ್ರ ಇಲ್ಯ ಗೊತ್ತಿಲ್ಲೆ. ಇದು ಸ್ವಲ್ಪ ಜಗಳದ ವಿಷಯ. ಬೈಯದಾದ್ರೆ ಪೂರ್ತಿ ಓದಿ ಆದ್ಮೇಲೆ ಬೈಯಿ.

ಈಗ ಹೊಸಬಾಳೆಯಿಂದ ಹಿಡಿದು ಬೆಂಗಳೂರಿನವರೆಗೆ ಯಾವ ನೆಂಟರ ಮನೆಗೆ ಹೋದ್ರೂ ಫ್ರಿಜ್ಜಿನ ಬಾಗಿಲಲ್ಲಿ ಹೆಬ್ಬೆರಳುದ್ದದ ಬಾಟ್ಲಿ ಸಾಲಾಗಿ ನಿಂತ್ಕಂಡಿರ್ತು. ‘ಇದೆಂತದೇ?’ ಕೇಳಿರೆ ‘ಗಟ್ ಹೆಲ್ತಿಗೆ ಅತ್ತೆ’ ಹೇಳ್ತ. ಗಟ್ ಅಂದ್ರೆ ಕರುಳು. ಕರುಳು ಹೇಳಿರೆ ಅಸಹ್ಯ, ಗಟ್ ಹೇಳಿರೆ ದುಡ್ಡು ಕೊಡಲೆ ಮನಸ್ಸು ಬತ್ತು. ಬಾಟ್ಲಿ ಆದ್ಮೇಲೆ ಪುಡಿ, ಪುಡಿ ಆದ್ಮೇಲೆ ಮಾತ್ರೆ, ಮಾತ್ರೆ ಆದ್ಮೇಲೆ ಮಲವನ್ನ ಡಬ್ಬಿಗೆ ಹಾಕಿ ಕೊರಿಯರ್ ಮಾಡುವ ಪರೀಕ್ಷೆ. ವಾಟ್ಸಾಪ್ ಗುಂಪಲ್ಲಿ ನಂಗಳ ಪೈಕಿಯವೇ ಪುಡಿ ಮಾರ್ತ. ಅದೇ ಮನೆ ಹಿತ್ಲಲ್ಲಿ ಒಂದೆಲಗ ಕಾಲಿಗೆ ಸಿಕ್ತು, ಕೊಯ್ಯವು ಇಲ್ಲೆ.

ಯನ್ನ ವಾದ ಇಷ್ಟೇ. ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ಈ ಹದಿನೈದು ಇಪ್ಪತ್ತು ವರ್ಷದಲ್ಲಿ ನಡೆದ ಸಂಶೋಧನೆ ಸುಳ್ಳಲ್ಲ, ರಾಶಿ ದೊಡ್ಡದು. ಆದ್ರೆ ಆ ಸಂಶೋಧನೆ ಹೇಳದು ಒಂದು, ಅದರ ಹೆಸರು ಹೇಳ್ಕಂಡು ಮಾರದು ಇನ್ನೊಂದು. ಹಾಂಗೇ, ‘ನಂಗಳ ಅಜ್ಜಿಯಕ್ಕಳಿಗೆ ಇದೆಲ್ಲ ಮೊದ್ಲೇ ಗೊತ್ತಿತ್ತು’ ಹೇಳಿ ಎದೆ ತಟ್ಟುವವೂ ಆ ಸಂಶೋಧನೆ ಓದಿದವಲ್ಲ. ಇಬ್ಬರ ಮೇಲೂ ಯಂಗೆ ಸಿಟ್ಟಿದ್ದು.

ಮೊದ್ಲು ವಿಷಯ ತಿಳ್ಕಂಬ. ‘ನಮ್ಮ ದೇಹದಲ್ಲಿ ನಮ್ಮ ಜೀವಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ, ತೂಕ ಎರಡು ಕೆಜಿ’ ಹೇಳುವ ಫಾರ್ವರ್ಡ್ ಎಲ್ಲರಿಗೂ ಬೈಂದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಕೂತು ಲೆಕ್ಕ ಹಾಕಿದ. ಒಬ್ಬ ಸಾಧಾರಣ ಗಂಡಸಿನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಜೀವಕೋಶ. ಹೆಚ್ಚು ಕಮ್ಮಿ ಸಮ ಸಮ. ಅಷ್ಟೂ ಬ್ಯಾಕ್ಟೀರಿಯಾ ಒಟ್ಟುಮಾಡಿ ತೂಗಿರೆ 200 ಗ್ರಾಂ. ಒಂದು ಲೋಟ ಮಜ್ಜಿಗೆಯಷ್ಟು ಭಾರ. ಹೆಚ್ಚಿನವು ಇಪ್ಪದು ದೊಡ್ಡಕರುಳಿನಲ್ಲಿ.

ಅವು ಎಂತ ಮಾಡ್ತ? ದನ ಒಣಹುಲ್ಲು ತಿಂದು ಹಾಲು ಕೊಡದು ಹ್ಯಾಂಗೆ ಹೇಳಿ ಕೊಟ್ಗೆ ಕಂಡವ್ಕೆ ಗೊತ್ತಿದ್ದು. ಹುಲ್ಲು ಕರಗಿಸದು ದನ ಅಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿ. ನಂಗಳಲ್ಲೂ ಸಣ್ಣ ಪ್ರಮಾಣದಲ್ಲಿ ಅದೇ ಕತೆ. ಸೊಪ್ಪು, ಕಾಯಿಪಲ್ಯ, ಕಾಳಿನ ನಾರು ನಂಗಳ ಹೊಟ್ಟೆಗೆ ಕರಗ್ತಿಲ್ಲೆ. ಅದು ದೊಡ್ಡಕರುಳಿಗೆ ಇಳಿದ ಮೇಲೆ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಬ್ಯುಟಿರೇಟ್ ಹೇಳುವ ಒಂದು ಆಮ್ಲ ಮಾಡ್ತ. ದೊಡ್ಡಕರುಳಿನ ಒಳಪದರದ ಜೀವಕೋಶಕ್ಕೆ ಅದೇ ಮುಖ್ಯ ಊಟ. ನಾರು ಕೊಡದೇ ಹೋದ್ರೆ? 2016ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ನಾರಿಲ್ಲದ ಆಹಾರ ಕೊಟ್ಟಾಗ ಬ್ಯಾಕ್ಟೀರಿಯಾ ಹೊಟ್ಟೆಗಿಲ್ಲದೆ ಕರುಳಿನ ಲೋಳೆಪದರವನ್ನೇ ತಿಂಬಲೆ ಶುರುಮಾಡಿದ. ಇಲಿ ಬೇರೆ, ಮನುಷ್ಯ ಬೇರೆ, ಒಪ್ಪಿದಿ. ಆದ್ರೆ ಮನುಷ್ಯರ ಮೇಲೂ ನೋಡಿದ್ದ. 2015ರಲ್ಲಿ ಅಮೆರಿಕದ ಇಪ್ಪತ್ತು ಜನ ಕಪ್ಪು ಜನಾಂಗದವ್ಕೆ ದಕ್ಷಿಣ ಆಫ್ರಿಕಾ ಹಳ್ಳಿಯ ನಾರಿನ ಊಟ, ಆ ಹಳ್ಳಿಯ ಇಪ್ಪತ್ತು ಜನಕ್ಕೆ ಅಮೆರಿಕದ ಮಾಂಸ, ಕೊಬ್ಬಿನ ಊಟ, ಎರಡು ವಾರ ಅದಲು ಬದಲು ಮಾಡಿ ಕೊಟ್ಟ. ನಾರು ತಿಂದವರಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟು ಹೆಚ್ಚಾತು, ಕರುಳಿನ ಉರಿಯೂತ ಇಳಿತು. ಬಿಟ್ಟವರಲ್ಲಿ ಉಲ್ಟಾ ಆತು. ಬರೀ ಎರಡು ವಾರದಲ್ಲಿ!

ಈಗ ಬಾಟ್ಲಿ ವಿಷಯಕ್ಕೆ ಬಪ್ಪ. ಅನ್ಯಾಯದ ಮಾತು ಬ್ಯಾಡ, ಬಾಟ್ಲಿಯ ಪರವಾಗಿ ಇಪ್ಪ ಪುರಾವೆಯನ್ನೇ ಮೊದ್ಲು ಹೇಳ್ತಿ. ಜಪಾನಿನ ಶಿರೋಟಾ ಹೇಳುವ ವಿಜ್ಞಾನಿಯ ಹೆಸರಿನ ಬ್ಯಾಕ್ಟೀರಿಯಾ ಇಪ್ಪ ಪಾನೀಯವನ್ನ ಕೋಲ್ಕತ್ತಾದ ಕೊಳೆಗೇರಿಯಲ್ಲಿ 3,758 ಸಣ್ಣ ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ದ, 2011ರಲ್ಲಿ ಪ್ರಕಟ ಆಯ್ದು. ಭೇದಿ ಶೇಕಡಾ 14ರಷ್ಟು ಕಮ್ಮಿ ಆತು. ಒಡಿಶಾದ ಹಳ್ಳಿಗಳಲ್ಲಿ 4,556 ಹಸುಗೂಸುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಹುಟ್ಟಿದ ಕೆಲವೇ ದಿನಕ್ಕೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾವನ್ನ ಏಳು ದಿನ ಕೊಟ್ಟಿದ್ದಕ್ಕೆ ರಕ್ತದ ನಂಜು ಮತ್ತೆ ಸಾವು ಎರಡೂ ಸೇರಿ ಶೇಕಡಾ 40 ಕಮ್ಮಿ ಆತು. ಇದು ಸಣ್ಣ ಮಾತಲ್ಲ, ಕೈಮುಗಿಯಕ್ಕಾದ ಕೆಲಸ.

ಆದ್ರೆ ನೋಡಿ. 2018ರಲ್ಲಿ ಅಮೆರಿಕ ಮತ್ತೆ ಕೆನಡಾದಲ್ಲಿ, ವಾಂತಿಭೇದಿ ಆಗಿ ಆಸ್ಪತ್ರೆಗೆ ಬಂದ ಮಕ್ಕಳಿಗೆ ಪ್ರೋಬಯಾಟಿಕ್ ಕೊಟ್ಟು ನೋಡಿದ ಎರಡು ದೊಡ್ಡ ಅಧ್ಯಯನ ಬಂತು. ಎರಡರಲ್ಲೂ ಸುಮ್ಮನೆ ಪುಡಿ ಕೊಟ್ಟ ಮಕ್ಕಳಿಗೂ ಇವ್ಕೂ ವ್ಯತ್ಯಾಸವೇ ಕಂಡಿಲ್ಲೆ. ಅದೇ ವರ್ಷ ವೈಜ್‌ಮನ್ ಸಂಸ್ಥೆಯವು 21 ಜನಕ್ಕೆ ಆಂಟಿಬಯಾಟಿಕ್ ಕೊಟ್ಟು ಆಮೇಲೆ ನೋಡಿದ. ಎಂತದೂ ತಗಳದ್ದೆ ಸುಮ್ಮನಿದ್ದವರ ಸ್ವಂತ ಬ್ಯಾಕ್ಟೀರಿಯಾ ಬೇಗ ವಾಪಸ್ ಬಂತು, ಪ್ರೋಬಯಾಟಿಕ್ ಮಾತ್ರೆ ತಗಂಡವರದ್ದು ತಡ ಆತು. ಬಂದ ನೆಂಟ ಮಂಚ ಹಿಡಿದು ಕೂತ್ರೆ ಮನೆಯವ್ಕೆ ಜಾಗ ಇಲ್ಲದ ಹಾಂಗೆ. ಸಣ್ಣ ಅಧ್ಯಯನವೇ ಸೈ, ಆದ್ರೆ ‘ಕುಡಿದ್ರೆ ನಷ್ಟ ಎಂತು ಇಲ್ಲೆ’ ಹೇಳವ್ಕೆ ಉತ್ತರ.

ಹಾಂಗಾದ್ರೆ ಪ್ರೋಬಯಾಟಿಕ್ ಒಳ್ಳೇದ, ಕೆಟ್ಟದ್ದ? ಪ್ರಶ್ನೆಯೇ ತಪ್ಪು. ‘ಸೊಪ್ಪು ಒಳ್ಳೇದ?’ ಕೇಳಿದ ಹಾಂಗಾತು. ಒಂದೆಲಗವೂ ಸೊಪ್ಪೇ, ಉಮ್ಮತ್ತಿಯೂ ಸೊಪ್ಪೇ. ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾರಿಗೆ, ಯಾವ ರೋಗಕ್ಕೆ ಹೇಳಿ ತಿಳ್ಕಂಡು ಡಾಕ್ಟ್ರು ಬರೆದು ಕೊಟ್ರೆ ತಗಳಿ. ಒಡಿಶಾದ ಹಸುಗೂಸಿನ ಲೆಕ್ಕ ತೋರಿಸಿ ಬೆಂಗಳೂರಿನ ನಲವತ್ತು ವರ್ಷದ ಮಾಣಿಗೆ ಸಕ್ಕರೆ ನೀರು ಮಾರದು ವಿಜ್ಞಾನ ಅಲ್ಲ, ವ್ಯಾಪಾರ. ಮಲಪರೀಕ್ಷೆ ಕಿಟ್ಟೂ ಹಾಂಗೇ. 2019ರಲ್ಲಿ ಭೋಪಾಲ್ ಮತ್ತೆ ಕೇರಳದ 110 ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾ ಹೋಲಿಸಿದಾಗ, ಒಂದೇ ದೇಶದವಾದ್ರೂ ಊಟ ಬೇರೆ ಇದ್ದಲ್ಲಿ ಬ್ಯಾಕ್ಟೀರಿಯಾದ ಗುಂಪೂ ಬೇರೆ ಇದ್ದಿತ್ತು. ಎರಡೂ ಕಡೆಯವು ಆರೋಗ್ಯವಂತರೇ! ‘ನಿಂಗಳ ಗಟ್ ಸ್ಕೋರ್ ನೂರಕ್ಕೆ ಅರವತ್ತೆರಡು’ ಹೇಳಿ ಮೊಬೈಲಿಗೆ ಬಪ್ಪ ಅಂಕಪಟ್ಟಿ ನೋಡಿ ಹೆದರಡಿ.

ಇನ್ನು ಎದೆ ತಟ್ಟುವವರ ಸರದಿ. ‘ಇಡ್ಲಿ, ದೋಸೆ ಎಲ್ಲ ಪ್ರೋಬಯಾಟಿಕ್, ನಮ್ಮ ಪೂರ್ವಜರು ವಿಜ್ಞಾನಿಗಳು’ ಹೇಳುವ ಭಾಷಣ ಪ್ರತಿ ಮದುವೆಮನೆಯಲ್ಲೂ ಕೇಳ್ತು. ಇಡ್ಲಿಹಿಟ್ಟು ಉಬ್ಬಿಸದು ಲ್ಯೂಕೊನಾಸ್ಟಾಕ್ ಹೇಳುವ ಬ್ಯಾಕ್ಟೀರಿಯಾ, 1965ರಷ್ಟು ಹಿಂದೆಯೇ ಕಂಡ್ಕಂಡಿದ್ದ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಇಂಥ ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಈಗಲೂ ನಡೀತಿದ್ದು. ಆದ್ರೆ ಇಡ್ಲಿ ಅಟ್ಟಕ್ಕೆ ಇಟ್ಟು ಹತ್ತು ನಿಮಿಷ ಹಬೆ ಕೊಟ್ರೆ ಅವು ಜೀವಂತ ಉಳಿತ್ವ? ಹುದುಗಿದ್ದರ ರುಚಿ, ಸತ್ವ ಸಿಕ್ತು, ಜೀವಂತ ಬ್ಯಾಕ್ಟೀರಿಯಾ ಸಿಕ್ತಿಲ್ಲೆ. ಮಜ್ಜಿಗೆಹುಳಿ ಕುದಿಸಿದ್ದು, ಅದೂ ಹಾಂಗೇ. ತಂಬ್ಳಿ ಹಾಂಗಲ್ಲ. ಸೊಪ್ಪು ಬಾಡಿಸಿ, ತಣಿಸಿ, ಕಾಯಿ ಜೊತೆ ಬೀಸಿ ಆಮೇಲೆ ಮಜ್ಜಿಗೆ ಹಾಕದು, ಮಜ್ಜಿಗೆ ಒಲೆ ಕಾಣ್ತಿಲ್ಲೆ. ಅದಕ್ಕೇ ಆನು ತಂಬ್ಳಿಯ ಪಕ್ಷ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಔಷಧಿ ಹೇಳಡಿ. ಆ ಉಪ್ಪಿನ ಲೆಕ್ಕಕ್ಕೆ ಅದು ರುಚಿಗೆ ಮಾತ್ರ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನೊಳಗೆ ಇರಿ ಹೇಳಿ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತು.

ಮತ್ತೆ ಪೂರ್ವಜರ ಆರೋಗ್ಯದ ಮಾತು. ಯನ್ನ ಅಜ್ಜಿ ಹೆತ್ತಿದ್ದು ಒಂಬತ್ತು, ಉಳಿದದ್ದು ಐದು. ಎರಡು ವಾಂತಿಭೇದಿಯಲ್ಲೇ ಹೋದ. ಆ ಮನೆಯಲ್ಲಿ ತಂಬ್ಳಿ ಇರ್ಲಿಲ್ಯ, ಮಜ್ಜಿಗೆ ಇರ್ಲಿಲ್ಯ? ಎಲ್ಲ ಇತ್ತು. ಇಲ್ಲದ್ದು ಕುದಿಸಿದ ನೀರು, ಕಕ್ಕಸು, ಒಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಜನ ನೆಲದಲ್ಲಿ ಸಾಲಾಗಿ ಮಲಗಿದ್ದಾಗ, ಬನಗಾಂವಿನಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಕಲಸಿದ ನೀರು ಕುಡಿಸಿ ಸಾವನ್ನ ಶೇಕಡಾ 30ರಿಂದ 4ರ ಒಳಗೆ ಇಳಿಸಿದ. ಕರುಳಿನ ಆರೋಗ್ಯದ ನಿಜವಾದ ಪವಾಡ ಅದು. ಅಜ್ಜಿಯ ಕೈರುಚಿಗೆ ನಮಸ್ಕಾರ ಮಾಡ್ವ, ಆದ್ರೆ ಅದು ಕಳಕಂಡ ನಾಲ್ಕು ಮಕ್ಕಳನ್ನ ಮರೆತು ಜಂಬ ಹೊಡೆಯದು ಬ್ಯಾಡ.

ಜಂಬಕ್ಕೆ ಇನ್ನೊಂದು ಕಾರಣವೂ ಈಗ ಉಳಿದಿಲ್ಲೆ. ಬಾಳೆ ಎಲೆ ನೋಡಿ. ಮುಕ್ಕಾಲು ಭಾಗ ಪಾಲಿಶ್ ಮಾಡಿದ ಬಿಳಿ ಅನ್ನ, ತೆಳೂ ಸಾರು, ಕರಿದ ಹಪ್ಪಳ, ಒಂದು ಚಮಚ ಪಲ್ಯ, ಅದೂ ಬಟಾಟೆದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ಎಲೆಯ ಅರ್ಧ ಭಾಗ ಅದೇ ಇರವು. ನಂಗಳ ಯಾವ ಎಲೆಯಲ್ಲಿ ಇದ್ದು ಹೇಳಿ?

ಇಲ್ಲಿ ಒಂದು ಖುಷಿ ಲೆಕ್ಕ ಇದ್ದು. 2018ರಲ್ಲಿ ಪ್ರಕಟ ಆದ ಅಮೆರಿಕನ್ ಗಟ್ ಪ್ರಾಜೆಕ್ಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾದರಿ ನೋಡಿದ. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿಂಬವರ ಕರುಳಿನಲ್ಲಿ, ಹತ್ತಕ್ಕಿಂತ ಕಮ್ಮಿ ತಿಂಬವರಿಗಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಇತ್ತು. ಸಸ್ಯಾಹಾರಿಯ, ಮಾಂಸಾಹಾರಿಯ ಹೇಳುವ ಹಣೆಪಟ್ಟಿಗಿಂತ ಎಷ್ಟು ಬಗೆ ಹೇಳದೇ ಮುಖ್ಯ ಆಗಿ ಕಂಡಿದ್ದು. ‘ಯಂಗ ಶುದ್ಧ ಸಸ್ಯಾಹಾರಿ’ ಹೇಳಿ ಅನ್ನ ಸಾರಲ್ಲಿ ದಿನ ದೂಡುವವು ಇದನ್ನ ಎರಡು ಸಲ ಓದಿ.

ಮೂವತ್ತು ಬಗೆ ಹೇಳಿರೆ ಪೇಟೆಯವು ಹೌಹಾರ್ತ. ನಂಗ ಮಳೆಗಾಲದ ಒಂದು ವಾರ ಬೆರಳು ಮಡಚಿ ಎಣಿಸ್ವ. ಅಕ್ಕಿ, ಉದ್ದು, ಮೆಂತೆ, ತೊಗರಿ, ಹೆಸರುಕಾಳು, ತೆಂಗಿನಕಾಯಿ. ಒಗ್ಗರಣೆ, ಮಸಾಲೆಗೆ ಸಾಸಿವೆ, ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಕರಿಬೇವು, ಶುಂಠಿ. ಹಿತ್ಲಲ್ಲಿ ಒಂದೆಲಗ, ದೊಡ್ಡಪತ್ರೆ, ಬಸಳೆ, ಹರಿವೆ, ನುಗ್ಗೆ, ಹೊನಗೊನೆ. ಮೊದಲ ಮಳೆಗೆ ಚಗಟೆಸೊಪ್ಪು, ಕರಕಲಿಗೆ ಕೆಸು. ತೋಟದಲ್ಲಿ ಬಾಳೆ, ಅದರ ಕಾಯಿ, ಹೂವು, ದಿಂಡು ಯಾವುದೂ ಬಿಡಕ್ಕಾದ್ದಿಲ್ಲೆ. ಹಲಸಿನಬೇಳೆ, ಕಳಲೆ, ಮೊಗೆಕಾಯಿ, ಹೀರೆ, ಹಾಗಲ, ಸುವರ್ಣಗೆಡ್ಡೆ, ಗೆಣಸು. ಪೇರಳೆ, ಪಪ್ಪಾಯಿ, ಮುರುಗಲು, ಲಿಂಬೆ. ಮೂವತ್ತು ದಾಟಿ ಹೋತು! ಒಂದೂ ಪೈಸೆಯ ಬಾಟ್ಲಿ ಬ್ಯಾಡ. ಆದ್ರೆ ಪ್ರಾಮಾಣಿಕವಾಗಿ ಕೇಳ್ಕಳಿ, ಹೋದ ವಾರ ಇದರಲ್ಲಿ ಎಷ್ಟು ನಿಂಗಳ ಒಲೆ ಹತ್ರ ಬೈಂದು? ಸಂತೆಯಿಂದ ಬಂದ ಬಟಾಟೆ, ಟೊಮೆಟೊ, ಈರುಳ್ಳಿ, ಕ್ಯಾಬೇಜು ಬಿಟ್ರೆ?

ಇದರ ಜೊತೆ ಮಜ್ಜಿಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವು 36 ಜನಕ್ಕೆ ಹತ್ತು ವಾರ ಎರಡು ರೀತಿ ಊಟ ಕೊಟ್ಟು 2021ರಲ್ಲಿ ಪ್ರಕಟಿಸಿದ. ಮೊಸರು, ಕೆಫಿರ್, ಕಿಮ್ಚಿ ಥರದ ಹುದುಗಿದ ಆಹಾರ ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾದ ಬಗೆ ಹೆಚ್ಚಾತು, ರಕ್ತದಲ್ಲಿ ಉರಿಯೂತ ತೋರಿಸುವ 19 ಪ್ರೋಟೀನು ಇಳಿತು. ಬರೀ ನಾರು ಹೆಚ್ಚು ಮಾಡಿದ ಗುಂಪಲ್ಲಿ ಅಷ್ಟು ಸಮಯದಲ್ಲಿ ಬಗೆ ಹೆಚ್ಚಾಗ್ಲಿಲ್ಲೆ. ಅಂದ್ರೆ ಸೊಪ್ಪೂ ಬೇಕು, ಮಜ್ಜಿಗೆಯೂ ಬೇಕು, ಒಂದಕ್ಕೆ ಇನ್ನೊಂದು ಬದಲಿ ಅಲ್ಲ. ತಂಬ್ಳಿಯಲ್ಲಿ ಎರಡೂ ಇದ್ದು. ಆದ್ರೆ ಅವು ತಿಂದದ್ದು ತಂಬ್ಳಿ ಅಲ್ಲ, ಹಾಂಗಾಗಿ ‘ತಂಬ್ಳಿಯಿಂದ ಕ್ಯಾನ್ಸರ್ ಗುಣ, ಅಮೆರಿಕದ ವಿಜ್ಞಾನಿಗಳ ಒಪ್ಪಿಗೆ’ ಹೇಳಿ ಫಾರ್ವರ್ಡ್ ಮಾಡಿ ಯನ್ನ ಮರ್ಯಾದೆ ತೆಗೆಯಡಿ. ನಾರು ಒಮ್ಮೆಲೇ ಏರಿಸಡಿ, ಹೊಟ್ಟೆ ಉಬ್ಬರಿಸ್ತು. ವಾರ ವಾರ ಸ್ವಲ್ಪ ಸ್ವಲ್ಪ, ನೀರು ಕುಡ್ಕತ್ತ.

ಈಗ ಯಂಗೆ ನಿಜಕ್ಕೂ ಹೊಟ್ಟೆ ಉರಿಯುವ ವಿಷಯ. ಹೋದ ಮಳೆಗಾಲ ಯಂಗಳ ನೆಂಟರ ಪೈಕಿ ಒಂದು ಮೂರು ವರ್ಷದ ಮಗುಗೆ ನೆಗಡಿ, ಸಣ್ಣ ಜ್ವರ. ಪೇಟೆಯ ಒಂದು ಮೆಡಿಕಲ್ ಅಂಗಡಿಯವ ಚೀಟಿ ಕೇಳದ್ದೆ ಆಂಟಿಬಯಾಟಿಕ್ ಕೊಟ್ಟ. ಮಗುಗೆ ಭೇದಿ ಶುರು ಆತು. ಅದೇ ಅಂಗಡಿಯವ ‘ಗಟ್ ಹಾಳಾಯ್ದು’ ಹೇಳಿ ಪ್ರೋಬಯಾಟಿಕ್ ಪುಡಿ ಕೊಟ್ಟ. ಒಂದು ಕೈಯಲ್ಲಿ ತೋಟಕ್ಕೆ ಬೆಂಕಿ ಹಾಕದು, ಇನ್ನೊಂದು ಕೈಯಲ್ಲಿ ಸಸಿ ಮಾರದು! ನೆಗಡಿ ಬಪ್ಪದು ವೈರಸ್ಸಿಂದ, ಆಂಟಿಬಯಾಟಿಕ್ ವೈರಸ್ಸನ್ನ ಮುಟ್ಟದೂ ಇಲ್ಲೆ. ಮುಟ್ಟದು ಆ ಮಗುವಿನ ಕರುಳಿನಲ್ಲಿ ಮೂರು ವರ್ಷದಿಂದ ನೆಲೆ ಮಾಡಿದ್ದನ್ನ. ಎಷ್ಟೋ ಆಂಟಿಬಯಾಟಿಕ್ಕಿನ ಪಟ್ಟಿ ಮೇಲೆ ಕೆಂಪು ಗೆರೆ ಇರ್ತು. ಚೀಟಿ ಇಲ್ಲದ್ದೆ ಕೊಡಲಾಗ ಹೇಳಿ ಅದರ ಅರ್ಥ. ಕೆಲವು ಬಲವಾದವನ್ನ 2014ರಿಂದ ಎಚ್1 ಪಟ್ಟಿಗೆ ಹಾಕಿದ್ದ, ಅಂಗಡಿಯವ ಯಾರಿಗೆ ಕೊಟ್ಟ ಹೇಳಿ ಪುಸ್ತಕದಲ್ಲಿ ಬರೆದಿಡವು. ಗೆರೆ ನೋಡದು ಕಲ್ತ್ಕಳಿ. ಉಳಿದ ಮಾತ್ರೆಯನ್ನ ಡಬ್ಬಿಯಲ್ಲಿ ಇಟ್ಕಂಡು ಆಚೆಮನೆ ಮಗುಗೆ ದಾನ ಮಾಡಡಿ. ಹಾಂಗೆ ಹೇಳಿ ಡಾಕ್ಟ್ರು ನೋಡಿ ಬರೆದು ಕೊಟ್ಟದ್ದನ್ನ ಅರ್ಧಕ್ಕೆ ಬಿಡಡಿ. ನ್ಯುಮೋನಿಯಾ, ಟೈಫಾಯ್ಡ್, ಇಲಿಜ್ವರಕ್ಕೆ ಅದೇ ಜೀವ ಉಳಿಸದು.

ಮಕ್ಕಳ ಭೇದಿಗೆ ಬೇಕಾದ್ದು ಒಆರ್‌ಎಸ್, 14 ದಿನ ಜಿಂಕ್, ತಾಯಿಹಾಲು ನಿಲ್ಲಿಸದ್ದೆ ಕೊಡದು. ಒಆರ್‌ಎಸ್ ಹೇಳಿರೆ ಬಣ್ಣದ ಪೆಟ್ಟಿಗೆಯ ಸಿಹಿ ಜ್ಯೂಸ್ ಅಲ್ಲ. ಸಕ್ಕರೆ ತುಂಬಿದ ಪಾನೀಯಕ್ಕೆ ಆ ಮೂರಕ್ಷರ ಹಚ್ಚಿ ಮಾರ್ತಿದ್ದದ್ದನ್ನ, ಹೈದರಾಬಾದಿನ ಮಕ್ಕಳ ಡಾಕ್ಟ್ರು ಶಿವರಂಜನಿ ಸಂತೋಷ್ ವರ್ಷಗಟ್ಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ನಿಲ್ಲಿಸಿತು. ಒಂದು ಹೆಂಗಸು, ಒಂದು ಹಟ. ನೆನಪಿಡಿ.

ಕಡೇದಾಗಿ ಕೆಲಸದ ಮಾತು. ‘ಹಿತ್ಲ ಸೊಪ್ಪು ತಿನ್ನಿ’ ಹೇಳದು ಸುಲಭ. ಮಳೆಯಲ್ಲಿ ಉಂಬಳ ಕಚ್ಚಿಸ್ಕಂಡು ಕೊಯ್ಯದು, ಮಣ್ಣು ಹೋಗವರೆಗೆ ತೊಳೆಯದು, ಬೀಸದು ಯಾರು? ಬಾಟ್ಲಿ ಬಂದದ್ದಕ್ಕೆ ಇದೂ ಒಂದು ಕಾರಣ, ಬಾಟ್ಲಿಗೆ ಮುಚ್ಚಳ ತೆಗೆದ್ರೆ ಸಾಕು. ಹಗಲೆಲ್ಲ ದುಡಿದು ಬಪ್ಪ ಸೊಸೆಗೆ ‘ತಂಬ್ಳಿ ಮಾಡ್ತಿಲ್ಲೆ’ ಹೇಳಿ ಬೈದು ಕರುಳು ರಕ್ಷಣೆ ಮಾಡಲೆ ಬತ್ತಿಲ್ಲೆ. ತಂಬ್ಳಿ ಎಲ್ಲರ ಹೊಟ್ಟೆಗಾದ್ರೆ ಸೊಪ್ಪು ಕೊಯ್ಯದೂ ಎಲ್ಲರ ಕೈಯ ಕೆಲಸ.

ಇನ್ನೊಂದು ನಂಗ ಯಾರೂ ಬಾಯಿಬಿಟ್ಟು ಹೇಳ್ತಿಲ್ಲೆ. ಎಲ್ಲರಿಗೂ ಬಡಿಸಿ ಕಡೇಗೆ ಕೂಪ ಹೆಂಗಸಿನ ಬಟ್ಟಲಲ್ಲಿ ಎಂತ ಇರ್ತು? ಪಲ್ಯ ಖಾಲಿ, ತಂಬ್ಳಿ ತಳ ಕಂಡಿದ್ದು, ಉಳಿದದ್ದು ಅನ್ನ, ಉಪ್ಪಿನಕಾಯಿ. ದಿನಕ್ಕೆ ಹೆಂಗಸ್ರಿಗೂ ಸುಮಾರು 25 ಗ್ರಾಂ ನಾರು ಬೇಕು. ಮಲಬದ್ಧತೆ, ಮೂಲವ್ಯಾಧಿ ಹೇಳಿ ನಂಗಳ ಪೈಕಿ ಎಷ್ಟು ಜನ ಗುಟ್ಟಾಗಿ ನರಳ್ತ ಹೇಳಿ ಯಂಗೂ ಗೊತ್ತಿದ್ದು, ನಿಂಗಕ್ಕೂ ಗೊತ್ತಿದ್ದು. ಪಲ್ಯ ಬಡಿಸುವ ಮೊದ್ಲು ನಿಂಗಳ ಪಾಲು ಒಂದು ಬಟ್ಟಲಲ್ಲಿ ತೆಗೆದು ಮುಚ್ಚಿಡಿ. ಸ್ವಾರ್ಥ ಹೇಳುವವು ಹೇಳ್ಲಿ. ಮಲದಲ್ಲಿ ರಕ್ತ ಕಂಡ್ರೆ, ಕಾರಣ ಇಲ್ಲದ್ದೆ ತೂಕ ಇಳಿದ್ರೆ, ವಾರಗಟ್ಲೆ ಹೊಟ್ಟೆಯ ಕ್ರಮ ತಪ್ಪಿರೆ ಮಜ್ಜಿಗೆ ಕುಡ್ಕಂಡು ಕೂರಡಿ, ನಾಚಿಕೆ ಬಿಟ್ಟು ಡಾಕ್ಟ್ರಿಗೆ ತೋರಿಸಿ.

ಈ ವಾರ ಕ್ಯಾಲೆಂಡರ್ ಹಿಂದೆ ನಿಂಗಳ ನಿಂಗಳ ಮೂವತ್ತರ ಲೆಕ್ಕ ಬರೀರಿ, ಎಷ್ಟಾತು ಹೇಳಿ ತಿಳ್ಸಿ. ಮತ್ತೆ ಬಾಟ್ಲಿ ಹಿಡ್ಕಂಡು ಬಂದ ಮಗನೋ, ಗಂಡನೋ, ಭಾವನೋ ಇದ್ರೆ ಬೈಯಡಿ. ಕೈಗೆ ಒಂದು ಬಾಳೆದಿಂಡು, ಒಂದು ಕತ್ತಿ ಕೊಟ್ಟು, ‘ಬಿಲ್ಲೆ ಹೆಚ್ಚಿ ನೂಲು ತೆಗೆದಿಡು, ಮಜ್ಜಿಗೆ ಆನು ಕಡೀತಿ’ ಹೇಳಿ.